ತೋಳಿನ ಅಳತೆ

ಅಜ್ಜಿ ಮಾಸ್ಕಿನ ಅಂಚಿನೊಳಗೆ ಎಲಾಸ್ಟಿಕ್ ತೂರಿಸುತ್ತಿದ್ದಳು. ಪಿನ್ನಿಗೆ ಸಿಕ್ಕಿಸಿದ ತುದಿ ಅರ್ಧ ದಾರಿಯಲ್ಲಿ ಕಳಚಿಕೊಂಡು ಬಟ್ಟೆಯೊಳಗೇ ಉಳಿದಿತ್ತು. ಅದನ್ನು ಮೇಲಿನಿಂದ ಹಿಸುಕಿ ಹಿಸುಕಿ ಹೊರಗೆ ತರುತ್ತಿದ್ದಾಗ ಬ್ರೆಡ್ ಕಾರ್ಖಾನೆಯಿಂದ ಮೊಮ್ಮಗಳು ಬಂದಳು. ಒಂದು ಕೈಯಲ್ಲಿ ಮುರುಕು ಬ್ರೆಡ್ಡಿನ ಚೀಲ, ಇನ್ನೊಂದರಲ್ಲಿ ಒಂದು ಲಕೋಟೆ.

"ಅಜ್ಜಿ, ದೊಡ್ಡಜ್ಜಿ ಕಾಗದ. ಅಂಚೆಯವನು ಬಾಗಿಲ ಸಂದಿಗೆ ಸಿಕ್ಕಿಸಿ ಓಡಿಹೋಗಿದಾನೆ, ನಾವೇನೋ ಕಚ್ಚೋರ ಹಾಗೆ."

"ಮೊದಲು ಕೈ ತೊಳ್ಕೊ."

"ತೊಳ್ಕೊಂಡೇ ಬಂದೆ. ಕಾಗದಾನೂ ತೊಳೀಲಾ?"

"ನಿನ್ನ ನಾಲಿಗೆ ತೊಳ್ಕೊ. ಕೊಡು ಇಲ್ಲಿ."

ದೊಡ್ಡಜ್ಜಿ ಎಂದರೆ ಅಜ್ಜಿಯ ಅಕ್ಕ. ಬೇರೆ ಊರಿನಲ್ಲಿ ಮಗನ ಮನೆಯಲ್ಲಿದ್ದಳು. ಕಿವಿ ಪೂರ್ತಿ ಹೋಗಿದ್ದರಿಂದ ಫೋನಿನಲ್ಲಿ ಮಾತಾಡುವ ಹಾಗಿರಲಿಲ್ಲ. ಹೇಳುವುದು ಕೇಳುವುದು ಎಲ್ಲವೂ ಕಾಗದದಲ್ಲೇ. ಅಕ್ಕನ ಕಾಗದವೆಂದರೆ ಯಾವಾಗಲೂ ಅಪ್ಪಣೆ. ಮಂಡಿಗೆ ಎಣ್ಣೆ ಹಚ್ಚು, ಸೊಸೆಯ ಹತ್ತಿರ ಜಗಳ ಆಡಬೇಡ, ಹಲ್ಲು ಕೀಳಿಸು. ಈ ಸಲದ ಕಾಗದ ಹಾಗಿರಲಿಲ್ಲ. ಅಜ್ಜಿ ಅದನ್ನು ಎರಡು ಸಲ ಓದಿದಳು.

"ಇಲ್ಲಿ ಮಗ ಲಸಿಕೆ ಹಾಕಿಸ್ಕೊ ಅನ್ನುತ್ತಾನೆ, ಪಕ್ಕದ ಮನೆಯವರು ಬೇಡ ಅನ್ನುತ್ತಾರೆ. ನನಗೆ ಮೊದಲೇ ಉಬ್ಬಸ. ಹಾಕಿಸಿಕೊಂಡರೆ ಸಾಯುತ್ತೇನೋ, ಹಾಕಿಸಿಕೊಳ್ಳದಿದ್ದರೆ ಸಾಯುತ್ತೇನೋ ತಿಳಿಯದು. ಯಾರ ಮಾತನ್ನೂ ನಂಬುವುದಕ್ಕೆ ಆಗುತ್ತಿಲ್ಲ. ನೀನು ಹೇಳು. ನೀನು ಹಾಕಿಸ್ಕೊ ಅಂದರೆ ಹಾಕಿಸಿಕೊಳ್ಳುತ್ತೇನೆ, ಬೇಡ ಅಂದರೆ ಇಲ್ಲ. ಬೇಗ ಬರಿ."

ಅಕ್ಕ ಇವಳನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

ರಾತ್ರಿಯ ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಮುರುಕು ಬ್ರೆಡ್ಡು. ಊಟದ ಮೇಜೂ ಬಟ್ಟೆ ಕತ್ತರಿಸುವ ಮೇಜೂ ಒಂದೇ. ತಟ್ಟೆ ಇಡುವ ಮೊದಲು ಸೊಸೆ ಸೀಮೆಸುಣ್ಣದ ಪುಡಿಯನ್ನು ಒರೆಸಿದಳು. ಅಜ್ಜಿ ಕಾಗದವನ್ನು ಓದಿ ಹೇಳಿ, "ಏನಂತ ಬರೀಲಿ?" ಎಂದಳು.

"ಬೇಡ ಅಂತ ಬರಿ," ಎಂದ ಮಗ. ಅವನು ದರ್ಜಿ. ಅವನ ಅಪ್ಪನೂ ದರ್ಜಿಯೇ. "ಒಂದು ಲಸಿಕೆ ಕಂಡುಹಿಡಿಯೋಕೆ ಹತ್ತು ವರ್ಷ ಬೇಕಂತೆ. ಇವರು ಒಂದೇ ವರ್ಷದಲ್ಲಿ ಕತ್ತರಿಸಿ ಹೊಲಿದು ಗುಂಡಿನೂ ಹಾಕಿದಾರೆ. ಟ್ರಯಲ್ ನೋಡದೆ ಕೋಟು ಕೊಟ್ಟ ಹಾಗೆ."

"ಟ್ರಯಲ್ ನೋಡಿದಾರಂತೆ ರೀ," ಎಂದಳು ಸೊಸೆ.

"ಯಾರ ಮೇಲೆ?"

"ಜನರ ಮೇಲೆ."

"ಜನ ಎಲ್ಲಾ ಒಂದೇ ಸೈಜಾ?"

"ಸಿಗರೇಟು ಸೇದೋವಾಗ ಡಬ್ಬಿ ಮೇಲೆ ಬರೆದಿರೋದು ಓದ್ತೀರಾ? ಇದಕ್ಕೆ ಮಾತ್ರ ಕೇಳಿದ್ದೇ ಕೇಳಿದ್ದು. ಅತ್ತೆ, ಹಾಕಿಸ್ಕೊ ಅಂತ ಬರೀರಿ. ನೀವೂ ಹಾಕಿಸ್ಕೊಳ್ಳಿ."

"ನಿನ್ನ ವಯಸ್ಸಿನವರ ಸರದಿ ಇನ್ನೂ ಬಂದಿಲ್ಲ. ಅದಕ್ಕೇ ಇಷ್ಟು ಧೈರ್ಯ," ಎಂದು ದರ್ಜಿ ಮೊಟ್ಟೆ ಸುಲಿದ.

"ಬರಲಿ, ಆವತ್ತೇ ಹೋಗ್ತೀನಿ ನೋಡ್ತಾ ಇರಿ."

"ನೀನೇನೇ ಅಂತೀಯಾ?" ಎಂದು ಅಜ್ಜಿ ಮೊಮ್ಮಗಳ ಕಡೆ ನೋಡಿದಳು.

ಮೊಮ್ಮಗಳು ಬ್ರೆಡ್ಡನ್ನು ಮುರಿಯುತ್ತ, "ನೀನೇ ಹಾಕಿಸ್ಕೊಂಡಿಲ್ಲ. ಅವರಿಗೆ ಏನು ಬರೀತೀಯಾ?" ಎಂದಳು.

ಅಜ್ಜಿಯ ವಯಸ್ಸಿನವರ ಸರದಿ ಬಂದು ಬಹಳ ದಿನಗಳಾಗಿದ್ದವು. ಯಾರಾದರೂ ಕೇಳಿದರೆ, "ಮನೆಯಲ್ಲಿ ಎಲ್ಲರೂ ಒಂದು ಮಾತು ಆಡಲಿ, ಆಮೇಲೆ," ಎನ್ನುತ್ತಿದ್ದಳು. ಆ ಮನೆಯಲ್ಲಿ ಚಹಾಕ್ಕೆ ಸಕ್ಕರೆ ಎಷ್ಟು ಎನ್ನುವುದರಲ್ಲೇ ನಾಲ್ವರದು ನಾಲ್ಕು ಮಾತು.

ಮರುದಿನ ಅಜ್ಜಿ ಹಾಳೆಯ ಮೇಲೆ "ಅಕ್ಕನಿಗೆ ನಮಸ್ಕಾರ. ನಾವೆಲ್ಲ ಕ್ಷೇಮ" ಎಂದು ಬರೆದು, ಪೆನ್ನನ್ನು ಮುಚ್ಚಿಟ್ಟು ಮಾಸ್ಕಿನ ಬುಟ್ಟಿಯನ್ನು ಎಳೆದುಕೊಂಡಳು.

ಅದಾದ ಮುಂದಿನ ವಾರ ಆಸ್ಪತ್ರೆಯಿಂದ ಕೆಲಸ ಬಂತು. ನರ್ಸುಗಳಿಗೆ, ವಾರ್ಡಿನವರಿಗೆ ಹೊಸ ಕೋಟುಗಳು. ಒಬ್ಬೊಬ್ಬರದೂ ಅಳತೆ ತೆಗೆದು ಹೊಲಿಯಬೇಕು. ಮಾಸ್ಕು ಹೊಲಿದು ಹೊಲಿದು ಬೇಸತ್ತಿದ್ದ ದರ್ಜಿಗೆ ಕಾಲರು, ತೋಳು, ಜೇಬು ಇರುವ ಬಟ್ಟೆಯ ಹೆಸರು ಕೇಳಿಯೇ ಮುಖ ಅರಳಿತು. ಆದರೆ ಲಸಿಕೆಯ ಚೀಟಿ ತೋರಿಸದೆ ಗೇಟಿನೊಳಗೆ ಬಿಡುವುದಿಲ್ಲ ಎಂದಿದ್ದರು.

"ಅಳತೆ ಅವರೇ ತೆಗೆದು ಕಳಿಸಲಿ," ಎಂದ.

"ಬೇರೆಯವರು ತೆಗೆದ ಅಳತೆಗೆ ನೀವು ಕತ್ತರಿ ಹಾಕಿದ್ದು ಯಾವಾಗ?" ಎಂದಳು ಹೆಂಡತಿ.

ಅದೂ ನಿಜವೇ. ಎರಡು ದಿನ ಅವನು ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಎದುರು ಅಂಗಡಿಯ ಬೀಗದವನ ಹತ್ತಿರ ಹೋಗಿ ಕುಳಿತುಕೊಂಡ. ಬೀಗ ರಿಪೇರಿ ಮಾಡುತ್ತ, ಕಳೆದುಹೋದ ಕೀಲಿಗಳಿಗೆ ಜೋಡಿ ಕೊರೆದುಕೊಡುತ್ತ ಬದುಕುವ ಬೀಗದವನು ಬೀದಿಗೆಲ್ಲ ಸ್ನೇಹಿತ. ಅವನ ಸರದಿಯೂ ಬಂದಿತ್ತು. "ನೀನು ಹೋಗಿ ಬಾ ಮಾರಾಯ. ನೀನು ಬದುಕಿದ್ರೆ ನಾನು ಹೋಗ್ತೀನಿ," ಎಂದು ಅವನು ನಕ್ಕ. ದರ್ಜಿಗೆ ನಗು ಬರಲಿಲ್ಲ.

ಲಸಿಕೆಗೆ ಹೊರಡುವ ದಿನ ಬೆಳಿಗ್ಗೆ ದರ್ಜಿ ಅಂಗಿ ಬಿಚ್ಚಿ ನಿಂತ. ಚುಚ್ಚಿದ ಮೇಲೆ ತೋಳು ಊದುತ್ತದೆ ಎಂದು ಫೋನಿನಲ್ಲಿ ನೋಡಿದ್ದನಂತೆ. ಊದುವ ಮೊದಲಿನ ಅಳತೆ ಇರಬೇಕು, ಆಮೇಲೆ ಯಾರೂ ತನಗೆ ಸುಳ್ಳು ಹೇಳಬಾರದು. ಹೆಂಡತಿ ನಲ್ಲಿಯ ಹತ್ತಿರ ಇದ್ದಳು. ಕೆಲಸಕ್ಕೆ ಹೊರಟಿದ್ದ ಮಗಳನ್ನು ಹಿಡಿದು ನಿಲ್ಲಿಸಿ ಟೇಪು ಕೊಟ್ಟ.

"ಅಪ್ಪ, ನನಗೆ ಬಸ್ಸು ತಪ್ಪುತ್ತೆ."

"ಅಳೆದು ಹೋಗು. ಎಡಗೈ. ದಪ್ಪ ಇರೋ ಕಡೆ."

"ದಪ್ಪ ಎಲ್ಲಿದೆ ಇದರಲ್ಲಿ? ಹನ್ನೊಂದು ಮುಕ್ಕಾಲು."

"ಸರಿಯಾಗಿ ನೋಡಿದ್ಯಾ?"

"ಹನ್ನೊಂದು ಮುಕ್ಕಾಲು, ಹನ್ನೊಂದು ಮುಕ್ಕಾಲು, ಹನ್ನೊಂದು ಮುಕ್ಕಾಲು. ಬರಲಾ?"

ಅವನು ಆ ಲೆಕ್ಕವನ್ನು ಬಾಯಲ್ಲೇ ಹೇಳಿಕೊಳ್ಳುತ್ತ ಆರೋಗ್ಯ ಕೇಂದ್ರಕ್ಕೆ ಹೋಗಿ ಬಂದ. ಮಧ್ಯಾಹ್ನ ಊಟ ಮಾಡಿದ. ಸಂಜೆಗೆ ಮೈ ಬೆಚ್ಚಗಾಯಿತು. ಮಾರನೆಯ ದಿನ ಮಂಚ ಬಿಟ್ಟು ಏಳಲಿಲ್ಲ. ಹೊದ್ದುಕೊಂಡು ಮಲಗಿ, ಕ್ಷಣಕ್ಕೊಮ್ಮೆ ತೋಳನ್ನು ಸವರಿ ನೋಡಿಕೊಳ್ಳುತ್ತಿದ್ದ.

"ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ಮುಟ್ಟಿ ನೋಡ್ಕೋತೀಯಲ್ಲಪ್ಪ," ಎಂದು ಮಗಳು ನಕ್ಕು ಕೆಲಸಕ್ಕೆ ಹೋದಳು.

ಸಂಜೆ ಅವನು ಹೆಂಡತಿಯನ್ನು ಕೂಗಿದ. "ಟೇಪು ತಗೊಂಡು ಬಾ. ನನಗ್ಯಾಕೋ ಕೈ ಭಾರ ಅನ್ನಿಸ್ತಿದೆ."

ಅವಳು ಇಸ್ತ್ರಿಯನ್ನು ನಿಲ್ಲಿಸಿ ಬಂದು, ಟೇಪನ್ನು ಸುತ್ತಿ, "ಹದಿಮೂರು," ಎಂದಳು.

ದರ್ಜಿ ಎದ್ದು ಕುಳಿತ. "ಎಷ್ಟು?"

"ಹದಿಮೂರು."

"ನಿನ್ನೆ ಹನ್ನೊಂದು ಮುಕ್ಕಾಲು ಇತ್ತು! ಒಂದೂಕಾಲು ಇಂಚು ಊದಿದೆ! ಅಮ್ಮ, ಬಾ ಇಲ್ಲಿ, ನೋಡು!"

ಅಜ್ಜಿ ಕೈಯಲ್ಲಿದ್ದ ಆಲೂಗಡ್ಡೆಯನ್ನು ಹಾಗೇ ಹಿಡಿದು ಬಂದಳು. ನೋಡಿದಳು. ಅವಳ ಕಣ್ಣಿಗೆ ಅದು ಮಗನ ತೋಳಿನ ಹಾಗೇ ಕಂಡಿತು.

"ಅಂಗಿ ತೋಳು ಬಿಗಿಯಾಗಿಲ್ಲವಲ್ಲೋ."

"ಅಂಗಿಗೆ ಲೂಸು ಬಿಟ್ಟಿರ್ತೀವಲ್ಲಮ್ಮ! ಎಲ್ಲಿಂದ ಬಿಗಿಯಾಗುತ್ತೆ?"

ಸೊಸೆಗೆ ಅಳು ಬಂತು. ಹಾಕಿಸಿಕೊಳ್ಳಿ ಹಾಕಿಸಿಕೊಳ್ಳಿ ಎಂದವಳು ಅವಳೇ. ತಣ್ಣೀರಿನ ಬಟ್ಟೆಯನ್ನು ತಂದು ತೋಳಿಗೆ ಸುತ್ತಿದಳು. ಕಿಟಕಿ ತೆರೆದೇ ಇತ್ತು, ದರ್ಜಿಯ ದನಿಯೂ ಸಣ್ಣದಲ್ಲ. ಬೀಗದವನು ಅಂಗಡಿಯಿಂದಲೇ, "ಏನಾಯ್ತೋ?" ಎಂದು ಕೂಗಿದ. "ಒಂದೂಕಾಲು ಇಂಚು!" ಎಂದು ಇವನು ಒಳಗಿನಿಂದ ಕೂಗಿದ. ಇಲಿ ಹೋಯಿತು ಎಂದರೆ ಹುಲಿ ಹೋಯಿತು ಎನ್ನುವ ಬೀದಿ ಅದು. ಮಾತು ಮೂಲೆಯ ಹಾಲಿನ ಅಂಗಡಿ ಮುಟ್ಟುವ ಹೊತ್ತಿಗೆ ದರ್ಜಿಯ ಕೈ ದಿಂಬಿನಷ್ಟು ದಪ್ಪವಾಗಿತ್ತು, ಇನ್ನು ಕತ್ತರಿ ಹಿಡಿಯುವ ಹಾಗಿಲ್ಲವಂತೆ.

ಆ ವಾರ ಹೋಗಬೇಕಾಗಿದ್ದ ಬೀಗದವನು ಹೋಗಲಿಲ್ಲ. "ಕೀಲಿ ಕೊರೆಯೋ ಕೈ ಇದು. ಊದಿದ್ರೆ ನನ್ನ ಗತಿ?" ಎಂದನಂತೆ.

ಅಜ್ಜಿ ಅಂದು ಹಾಳೆಯನ್ನು ತೆಗೆದು "ನಾವೆಲ್ಲ ಕ್ಷೇಮ" ಎನ್ನುವುದನ್ನು ಹೊಡೆದು ಹಾಕಿದಳು. ಅದರ ಕೆಳಗೆ "ಬೇಡ ಅಕ್ಕ" ಎಂದು ಬರೆದಳು. ಬರೆದು ನೋಡುತ್ತ ಕುಳಿತಳು. ಹಾಗೆಂದು ಕಳಿಸಿ, ನಾಳೆ ಅಕ್ಕನಿಗೆ ಆ ರೋಗವೇ ಬಂದರೆ? ಅದನ್ನೂ ಹೊಡೆದು ಹಾಕಿದಳು.

"ಅಜ್ಜಿಗೆ ಅರಿವೆ ಚಿಂತೆ ಅಂತಾರೆ. ನಿನಗೆ ಹಾಳೆ ಚಿಂತೆ," ಎಂದಳು ಮೊಮ್ಮಗಳು. "ಅಜ್ಜಿ, ನಿಂಗೊಂದು ಹೇಳ್ಲಾ? ಕಿರುಚಬೇಡ. ನಾನು ಕಾರ್ಖಾನೆಯಲ್ಲಿ ಆವಾಗಲೇ ಹಾಕಿಸ್ಕೊಂಡೆ. ದೊಡ್ಡಜ್ಜಿ ಕಾಗದ ಬರೋ ಮೊದಲೇ."

"ಏನಂದೆ?"

"ಯಾರಿಗಾದ್ರೂ ಗೊತ್ತಾಯ್ತಾ? ಊದಿತಾ? ಮಾರನೆ ದಿನ ತಲೆನೋವು ಅಂತ ಮಲಗಿದ್ದೆ ನೋಡು, ಅದೇ."

"ನಿಮ್ಮಪ್ಪನಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಟೇಪು ಹಿಡ್ಕೊಂಡು ನನ್ನ ಹಿಂದೆ ಓಡಾಡ್ತಿದ್ದ."

ಅಜ್ಜಿಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ಇವಳಿಗೆ ಊದಲಿಲ್ಲ, ಅವನಿಗೆ ಊದಿತು. ಹಾಗಾದರೆ ಅಕ್ಕನಿಗೆ?

ಭಾನುವಾರ ದರ್ಜಿಗೆ ಜ್ವರ ಪೂರ್ತಿ ಬಿಟ್ಟಿತ್ತು. ಹೆಂಡತಿ ಹೊಲಿಯುವ ಮೊದಲು ನೆನೆಹಾಕಿದ್ದ ಕೋಟಿನ ಬಟ್ಟೆಯನ್ನು ನೀರಿನಿಂದ ತೆಗೆದು ಹಿಂಡುತ್ತಿದ್ದಳು. ಅಜ್ಜಿ ತಂತಿಗೆ ಹರವುತ್ತಿದ್ದಳು. ಮನೆಯಲ್ಲೇ ಇದ್ದ ಮಗಳನ್ನು ದರ್ಜಿ ಕರೆದು ಮತ್ತೆ ಟೇಪು ಕೊಟ್ಟ.

"ಹನ್ನೆರಡು," ಎಂದಳು ಅವಳು.

"ಇಳೀತು! ಒಂದು ಇಂಚು ಇಳೀತು!" ಎಂದು ಅವನು ಹೆಂಡತಿಯನ್ನು ಕೂಗಿದ. "ಬಾರೇ, ನೋಡು, ಇಳಿದಿದೆ."

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಅದೇ ಜಾಗಕ್ಕೆ ಟೇಪು ಸುತ್ತಿದಳು. "ಎಲ್ಲಿ ಇಳಿದಿದೆ? ಹದಿಮೂರೇ ಇದೆ."

"ಅಮ್ಮ, ಹನ್ನೆರಡು ಇದೆ."

"ನನಗೆ ಟೇಪು ನೋಡೋದು ಹೇಳಿಕೊಡ್ತೀಯೇನೇ? ಹದಿಮೂರು."

"ಕನ್ನಡಕ ಹಾಕ್ಕೋ. ಇಲ್ಲಿ, ಈ ಗೆರೆ. ಇದು ಎಷ್ಟು?"

"ಹನ್ನೆರಡು."

"ಮತ್ತೆ ಹದಿಮೂರು ಅಂತೀಯಾ?"

"ಹನ್ನೆರಡು ಇದ್ರೆ ಹದಿಮೂರು ಅಂತಾನೇ ಅಲ್ವಾ ಹೇಳೋದು?"

ದರ್ಜಿ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ.

"ಲೂಸು ಸೇರಿಸಿ ಹೇಳಿದ್ಯಾ?"

"ಸೇರಿಸದೆ ಹೇಳೋಕೆ ನನಗೆ ಬರುತ್ತಾ? ಈ ಮನೆಗೆ ಬಂದ ದಿನದಿಂದ ಹಾಗೇ ಹೇಳಿದೀನಿ. ನೀವೇ ಕಲಿಸಿದ್ದು."

ಅದು ಆ ಮನೆಯ ಪದ್ಧತಿ. ಟೇಪು ತೋರಿಸಿದ್ದನ್ನು ಅಲ್ಲಿ ಯಾರೂ ಹಾಗೇ ಹೇಳುತ್ತಿರಲಿಲ್ಲ. ತೋಳಿಗೆ ಒಂದು ಇಂಚು, ಎದೆಗೆ ಮೂರು, ಹೀಗೆ ಬಟ್ಟೆ ಆಡಲು ಬೇಕಾದಷ್ಟನ್ನು ಅಳೆಯುವವರೇ ಮನಸ್ಸಿನಲ್ಲಿ ಕೂಡಿಸಿ ಹೇಳಬೇಕು. ಕತ್ತರಿಸುವಾಗ ಯಾರೂ ಮರೆಯಬಾರದೆಂದು ದರ್ಜಿಯ ಅಪ್ಪ ಮಾಡಿದ್ದ ನಿಯಮ. ಸೊಸೆಯ ಬಾಯಿಗೆ ಅದು ಉಸಿರಿನಷ್ಟು ಸಹಜ. ಹೊಲಿಗೆ ಕಲಿಯದ ಮೊಮ್ಮಗಳು ಮಾತ್ರ ಕಂಡದ್ದನ್ನು ಕಂಡ ಹಾಗೆ ಹೇಳಿದ್ದಳು.

ಅಜ್ಜಿ ಬಟ್ಟೆಯ ಹಿಂದೆ ನಿಂತು ನಗಲು ಶುರುಮಾಡಿದಳು. ಮೊಮ್ಮಗಳು ನೆಲದ ಮೇಲೆ ಕುಳಿತೇಬಿಟ್ಟಳು. ದರ್ಜಿ ಮಾತ್ರ ಬಿಡಲಿಲ್ಲ.

"ಹನ್ನೊಂದು ಮುಕ್ಕಾಲು ಇದ್ದದ್ದು ಹನ್ನೆರಡು ಆಗಿದೆ ತಾನೆ? ಕಾಲು ಇಂಚು ಊದಿದೆ ಅಲ್ವಾ?"

"ಅವತ್ತು ಬಸ್ಸಿನ ಆತುರದಲ್ಲಿ ಬಿಗಿಯಾಗಿ ಎಳೆದಿದ್ದೆನೋ ಏನೋ," ಎಂದಳು ಮಗಳು.

"ಅಥವಾ ಊದಿರಲೂಬಹುದು," ಎಂದಳು ಹೆಂಡತಿ. "ನೋವಿರೋದಂತೂ ನಿಜ."

"ಬೀಗದವನಿಗೆ ಹೋಗಿ ಹೇಳೋ," ಎಂದಳು ಅಜ್ಜಿ ನಗು ನಿಲ್ಲಿಸಿ. "ಪಾಪ, ನಿನ್ನ ಮಾತು ಕೇಳಿ ನಿಂತುಬಿಟ್ಟಿದಾನೆ."

"ಹೇಳ್ತೀನಿ. ನಾಳೆ ಹೇಳ್ತೀನಿ." ಅವನ ಕಿವಿ ಕೆಂಪಾಗಿತ್ತು. "ಬೀದಿಯವರೆಲ್ಲ ನಗ್ತಾರೆ. ದರ್ಜಿಗೆ ತನ್ನ ತೋಳು ಅಳೆಯೋಕೆ ಬರಲಿಲ್ಲ ಅಂತ."

ಸೋಮವಾರ ಆಸ್ಪತ್ರೆಗೆ ಅಳತೆ ತೆಗೆಯಲು ಹೋಗಿದ್ದರಿಂದ ಹೇಳಲಾಗಲಿಲ್ಲ. ಮಂಗಳವಾರ ಕತ್ತರಿಸುವ ಕೆಲಸ. ಬುಧವಾರ ಹೋದಾಗ ಬೀಗದವನು ಕೆಮ್ಮುತ್ತಿದ್ದ; ದೂರದಿಂದಲೇ ಕೈ ಆಡಿಸಿ, "ಆಮೇಲೆ ಬಾ, ಶೀತ ಆಗಿದೆ," ಎಂದ. ವಾರ ಮುಗಿಯುವ ಮೊದಲೇ ಬೀದಿಗೆ ಆಸ್ಪತ್ರೆಯ ಬಿಳಿ ಗಾಡಿ ಬಂತು. ಬೀಗದವನು ತಾನೇ ನಡೆದುಕೊಂಡು ಹೋಗಿ ಹತ್ತಿದ. ಹತ್ತುವಾಗ ಅಂಗಡಿಯ ಬೀಗ ಸರಿಯಾಗಿ ಬಿದ್ದಿದೆಯೇ ಎಂದು ಹೆಂಡತಿಗೆ ಸನ್ನೆ ಮಾಡಿ ಕೇಳಿದ.

ಅಂದು ಮನೆಯಲ್ಲಿ ಅನ್ನ ಮಾಡಿದ್ದು ಹಾಗೇ ಉಳಿಯಿತು.

"ನಮ್ಮಿಂದಲೇ ಆಗಿದ್ದು," ಎಂದಳು ಸೊಸೆ. "ನಾನು ಹದಿಮೂರು ಅಂದಿದ್ದಕ್ಕೆ."

"ನೀನು ಅಂದಿದ್ದು ಮನೆಯೊಳಗೆ. ಕಿಟಕಿಯಲ್ಲಿ ಕೂಗಿದ್ದು ನಾನು," ಎಂದ ದರ್ಜಿ.

"ಆವತ್ತೇ ಹಾಕಿಸ್ಕೊಂಡಿದ್ರೂ ಇಷ್ಟು ಬೇಗ ಏನೂ ಉಪಯೋಗ ಆಗ್ತಿರಲಿಲ್ಲ ಅಂತಾರಪ್ಪ. ಕೆಲವು ವಾರ ಬೇಕಂತೆ," ಎಂದಳು ಮಗಳು.

"ಯಾರಂತಾರೆ?"

"ಕಾರ್ಖಾನೆಯ ನರ್ಸು."

"ಹಾಗಾದ್ರೆ ನಮ್ಮ ತಪ್ಪಲ್ವಾ?"

"ಗೊತ್ತಿಲ್ಲಪ್ಪ. ನಾನೇನು ಡಾಕ್ಟರಾ?"

ಇಷ್ಟರ ನಡುವೆ ಸೊಸೆಯ ವಯಸ್ಸಿನವರ ಸರದಿಯೂ ಬಂದಿತ್ತು. ಆವತ್ತೇ ಹೋಗುತ್ತೇನೆ ಎಂದವಳು ಈಗ, "ಈ ವಾರ ಬೇಡ, ಕೋಟುಗಳಿಗೆ ಗುಂಡಿ ಹಾಕಬೇಕು," ಎಂದಳು. ಅದರ ಮುಂದಿನ ವಾರ, "ನನಗೆ ಯಾಕೋ ಸುಸ್ತು," ಎಂದಳು. ಬೇಡ ಬೇಡ ಎನ್ನುತ್ತಿದ್ದ ದರ್ಜಿಯೇ ಅವಳಿಗೆ, "ಏನೂ ಆಗಲ್ಲ, ಹೋಗಿ ಬಾರೇ," ಎನ್ನತೊಡಗಿದ. "ಒಂದೂಕಾಲು ಇಂಚು ಅಂತ ಕಿರುಚಿದೋರು ನೀವು ಹೇಳ್ತೀರಾ?" ಎಂದು ಅವಳು ರೇಗಿದಳು. ಅಜ್ಜಿಗೆ ಯಾರು ಯಾವ ಕಡೆ ಎನ್ನುವುದೇ ತಪ್ಪಿಹೋಯಿತು.

ಅಕ್ಕನ ಎರಡನೆಯ ಕಾಗದ ಬಂತು. ಅದರಲ್ಲಿ ಹೆಚ್ಚಿಗೇನೂ ಇರಲಿಲ್ಲ. "ನಿನ್ನಿಂದ ಉತ್ತರ ಬರಲಿಲ್ಲ. ಬರೆಯಲಾರದಷ್ಟು ಕಾಯಿಲೆಯೇ? ನಡೆಯಲಾರದವರಿಗೆ ಮನೆಗೇ ಬಂದು ಹಾಕುವ ಗಾಡಿ ಒಂದು ಸಲ ಬಂದು ಹೋಯಿತು. ನಾನು ತಂಗಿಯ ಕಾಗದ ಬಂದಿಲ್ಲ ಎಂದು ವಾಪಸ್ಸು ಕಳಿಸಿದೆ. ತಿಂಗಳ ಕೊನೆಗೆ ಇನ್ನೊಂದು ಸಲ ಬರುತ್ತದಂತೆ. ಆಮೇಲೆ ಈ ಕಡೆ ಬರುವುದಿಲ್ಲವಂತೆ."

ಅಜ್ಜಿ ಅದನ್ನು ಮಡಿಸಿ ಮೊದಲ ಕಾಗದದ ಜೊತೆ ಇಟ್ಟಳು. ಬರೆಯದೆ ಇದ್ದರೆ ತನ್ನ ಮೇಲೆ ಏನೂ ಬರುವುದಿಲ್ಲ ಎಂದುಕೊಂಡಿದ್ದಳು. ಬರೆಯದೆ ಇದ್ದದ್ದನ್ನೇ ಅಕ್ಕ ಬೇಡ ಎಂದು ಓದಿದ್ದಳು.

"ದೊಡ್ಡಮ್ಮನಿಗೆ ಏನೂ ಬರೀಬೇಡಮ್ಮ," ಎಂದ ದರ್ಜಿ. "ನಾವು ಒಂದು ಸಲ ಮಾತಾಡಿ ಆಗಿದ್ದು ಸಾಕು. ಏನಾದ್ರೂ ಆದ್ರೆ ಅವರ ಮಗ ನಮ್ಮ ಬಾಗಿಲಿಗೆ ಬಂದು ನಿಲ್ತಾನೆ. ಅವನೇ ತೀರ್ಮಾನ ಮಾಡಲಿ."

"ಅವಳು ನನ್ನನ್ನ ಕೇಳಿರೋದು."

"ನಿನಗೇನು ಗೊತ್ತು ಅಂತ ಕೇಳಿದಾರೆ?"

"ಅದೇ ನನಗೂ ತಿಳೀತಿಲ್ಲ," ಎಂದಳು ಅಜ್ಜಿ.

ಮರುದಿನ ಅವಳು ಬ್ರೆಡ್ಡನ್ನು ಒಂದು ಬಟ್ಟೆಯಲ್ಲಿ ಕಟ್ಟಿಕೊಂಡು ಎದುರು ಮನೆಗೆ ಹೋದಳು. ಬೀಗದವನ ಹೆಂಡತಿ ಕಿಟಕಿ ತೆರೆದು ನಿಂತಳು; ರೋಗ ಬಂದ ಮನೆಯಾದ್ದರಿಂದ ಬಾಗಿಲು ತೆರೆಯುವ ಹಾಗಿರಲಿಲ್ಲ. ಅಜ್ಜಿ ಗಂಟನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದಳು.

"ಹೇಗಿದಾನಮ್ಮ?"

"ಆಕ್ಸಿಜನ್ ಕೊಟ್ಟಿದಾರಂತೆ. ಫೋನು ಮಾಡಿದ್ರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ." ಆಮೇಲೆ ಅವಳು ಕೇಳಿದಳು, "ಅಜ್ಜಿ, ನಿಮ್ಮ ಮಗನ ಕೈ ಊದಿದ್ದು ನಿಜಾನಾ?"

"ಇಲ್ಲಮ್ಮ. ಅಳತೆ ತಪ್ಪಾಯ್ತು. ಲೂಸು ಸೇರಿಸಿ ಹೇಳಿಬಿಟ್ಳು ನಮ್ಮ ಸೊಸೆ. ನಮಗೇ ನಾಲ್ಕು ದಿನ ಆದ್ಮೇಲೆ ಗೊತ್ತಾಗಿದ್ದು. ಬಂದು ಹೇಳೋದರಲ್ಲಿ ಹೀಗಾಯ್ತು."

ಬೀಗದವನ ಹೆಂಡತಿ ಕಿಟಕಿಯ ಸರಳು ಹಿಡಿದುಕೊಂಡಳು. "ಊದದೆ ಇದ್ದಿದ್ರೂ ಅವರು ಹೋಗ್ತಿರಲಿಲ್ಲ ಬಿಡಿ," ಎಂದಳು. "ಸೂಜಿ ಅಂದ್ರೆ ಮಗುವಿನ ಹಾಗೆ ಹೆದರ್ತಾರೆ. ಒಂದು ನೆಪ ಬೇಕಿತ್ತು, ನಿಮ್ಮ ಮನೆಯಿಂದ ಸಿಕ್ತು."

ಅಜ್ಜಿ ಸ್ವಲ್ಪ ಹಗುರಾಗಿ ಮನೆಗೆ ಬಂದಳು. ಸಂಜೆ ಸೊಸೆ ತಂತಿಯಿಂದ ಬಟ್ಟೆ ತೆಗೆಯುತ್ತಿದ್ದಾಗ ಅದೇ ಕಿಟಕಿ ಮತ್ತೆ ತೆರೆಯಿತು. "ನಿಮ್ಮ ಮನೆ ಬಾಯಿ ಸುಮ್ಮನಿದ್ದಿದ್ರೆ ನನ್ನ ಗಂಡ ಇವತ್ತು ಅಂಗಡಿಯಲ್ಲಿ ಕೂತಿರ್ತಿದ್ದ!" ಎಂದು ಅವಳು ಕೂಗಿ, ಪಟ್ಟೆಂದು ಮುಚ್ಚಿಕೊಂಡಳು. ಬ್ರೆಡ್ಡಿನ ಗಂಟು ಕಟ್ಟೆಯ ಮೇಲೆ ಇರಲಿಲ್ಲ. ತೆಗೆದುಕೊಂಡಿದ್ದಳು.

"ಯಾವುದು ನಿಜ ಅತ್ತೆ?" ಎಂದಳು ಸೊಸೆ ಬಟ್ಟೆಗಳನ್ನು ಎದೆಗೆ ಒತ್ತಿಕೊಂಡು. "ಬೆಳಿಗ್ಗೆ ಅಂದಿದ್ದಾ, ಈಗ ಅಂದಿದ್ದಾ?"

"ಎರಡೂ ಅವಳಿಗೆ ನಿಜಾನೇ ಇರಬೇಕು. ನೀನು ಒಳಗೆ ಬಾ."

ಮೊಮ್ಮಗಳ ಮುಂದಿನ ರಜೆಯ ದಿನ ಅಜ್ಜಿ ಬೆಳಿಗ್ಗೆಯೇ ತಲೆ ಬಾಚಿಕೊಂಡು, ತೋಳು ಸಡಿಲವಾದ ರವಿಕೆ ತೊಟ್ಟು ನಿಂತಳು. "ನಡಿ, ಆ ಆರೋಗ್ಯ ಕೇಂದ್ರ ತೋರಿಸು."

"ಮನೆಯಲ್ಲಿ ಎಲ್ಲರೂ ಒಂದು ಮಾತು ಆಡಿದ್ರಾ?"

"ಆಡೋ ಹೊತ್ತಿಗೆ ನಾನಿರಲ್ಲ. ನಡಿ."

ಸಾಲು ಉದ್ದವಿತ್ತು. ನೆಲದ ಮೇಲೆ ಬಳಿದ ವೃತ್ತಗಳಲ್ಲಿ ಜನ ನಿಂತಿದ್ದರು. ಮುಂದಿದ್ದ ಮುದುಕ ತನ್ನ ವೃತ್ತದಲ್ಲಿ ಚೀಲವನ್ನಿಟ್ಟು ತಾನು ನೆರಳಿನಲ್ಲಿ ಕುಳಿತಿದ್ದ. ಚೀಲಕ್ಕೆ ಲಸಿಕೆ ಹಾಕಿಬಿಡುತ್ತಾರೆ ಎಂದು ಮೊಮ್ಮಗಳು ಅವನನ್ನು ನಗಿಸಿದಳು. ಒಳಗೆ ನರ್ಸು ತಲೆ ಎತ್ತದೆ ಕೇಳಿದಳು.

"ಯಾವುದಾದ್ರೂ ಔಷಧಿ ಒಗ್ಗದೆ ಇರೋದು ಇದೆಯಾ ಅಜ್ಜಿ?"

"ಇಲ್ಲಮ್ಮ. ನಮ್ಮಕ್ಕನಿಗೆ ಉಬ್ಬಸ ಇದೆ. ಅವಳು ಹಾಕಿಸ್ಕೊಬಹುದಾ?"

"ಅಕ್ಕ ಎಲ್ಲಿದಾರೆ?"

"ಬೇರೆ ಊರಲ್ಲಿ."

"ಹಾಕಿಸ್ಕೊಬಹುದು. ಉಸಿರಿನ ತೊಂದರೆ ಇರೋರಿಗೆ ಈ ರೋಗ ಬಂದ್ರೆ ಕಷ್ಟ ಜಾಸ್ತಿ. ಹಾಕೋರಿಗೆ ಉಬ್ಬಸದ ವಿಷಯ ಮೊದಲೇ ಹೇಳಲಿ. ಹಾಕಿಸ್ಕೊಂಡು ಅರ್ಧ ಗಂಟೆ ಅಲ್ಲೇ ಕೂರಲಿ."

"ಏನೂ ಆಗಲ್ಲ ಅಲ್ವಾ?"

ನರ್ಸು ಈಗ ತಲೆ ಎತ್ತಿದಳು. ಅವಳ ಕಣ್ಣಿನ ಕೆಳಗೆ ಮಾಸ್ಕು ಒತ್ತಿದ ಗುರುತಿತ್ತು. "ಏನೂ ಆಗಲ್ಲ ಅಂತ ನಾನು ಯಾವುದಕ್ಕೂ ಹೇಳಲ್ಲ ಅಜ್ಜಿ. ಜ್ವರ ಬರಬಹುದು, ಕೈ ನೋಯುತ್ತೆ. ನಮ್ಮಮ್ಮನಿಗೆ ನಾನೇ ಹಾಕಿದೀನಿ. ತೋಳು ಬಿಡಿ, ಬಿಗಿ ಹಿಡೀಬೇಡಿ."

ಅಜ್ಜಿ ಕಣ್ಣು ಮುಚ್ಚಿದಳು. "ಯಾವಾಗ ಹಾಕ್ತೀಯಮ್ಮ?" ಎಂದು ಕೇಳುವ ಹೊತ್ತಿಗೆ ಹಾಕಿ ಆಗಿತ್ತು.

ಸಂಜೆಗೆ ಚಳಿ ಶುರುವಾಯಿತು. ಸೊಸೆ ಗಂಜಿ ಕಾಯಿಸಿ ಚಮಚದಲ್ಲಿ ಕುಡಿಸಿದಳು. ದರ್ಜಿ ಬಾಗಿಲಲ್ಲಿ ನಿಂತು, "ಹೇಳದೆ ಕೇಳದೆ ಹೋಗಿದೀಯಲ್ಲಮ್ಮ," ಎಂದು ಗೊಣಗಿದ. ಸ್ವಲ್ಪ ಹೊತ್ತಿನ ಮೇಲೆ ಬಂದು ಹೊದಿಕೆ ಸರಿಮಾಡಿ, "ಅಳೀಲಾ?" ಎಂದ.

"ಟೇಪು ಮುಟ್ಟಿದ್ರೆ ಕೈ ಮುರೀತೀನಿ," ಎಂದಳು ಅಜ್ಜಿ ನಡುಗುತ್ತ.

ಎರಡನೆಯ ದಿನ ಜ್ವರ ಇಳಿಯಿತು. ಎಡಗೈ ಮಾತ್ರ ಕಿವಿಯವರೆಗೆ ಏಳುತ್ತಿರಲಿಲ್ಲ. ಊಟದ ಮೇಜಿನ ಒಂದು ಕಡೆ ಸೊಸೆ ಕೋಟಿಗೆ ಗುಂಡಿ ಹಾಕುತ್ತಿದ್ದಳು. ಅಜ್ಜಿ ಇನ್ನೊಂದು ಕಡೆ ಕುಳಿತು ಹೊಸ ಹಾಳೆ ತೆಗೆದಳು. ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಒತ್ತಿ ಬರೆದಳು.

"ಏನು ಬರೀತಿದೀರಾ ಅತ್ತೆ?"

"ಕೇಳು. ನೀನೂ ಕೇಳೋ," ಎಂದು ಮಗನನ್ನೂ ಕರೆದು ಓದಿದಳು.

"ಅಕ್ಕನಿಗೆ ನಮಸ್ಕಾರ. ತಡವಾಯಿತು. ಇಲ್ಲಿ ನಮಗೆ ಯಾರಿಗೂ ಏನೂ ಸರಿಯಾಗಿ ತಿಳಿಯದು. ಮೊಮ್ಮಗಳಿಗೆ ತಲೆನೋವು ಬಂತು, ಮಗನಿಗೆ ಜ್ವರ ಬಂತು, ನನಗೂ ಒಂದು ರಾತ್ರಿ ಚಳಿಜ್ವರ ಬಂತು, ಹೋಯಿತು. ಸೊಸೆ ಇನ್ನೂ ಹೆದರಿಕೊಂಡಿದ್ದಾಳೆ. ಎದುರು ಮನೆಯವನು ಹಾಕಿಸಿಕೊಳ್ಳದೆ ಆಸ್ಪತ್ರೆಯಲ್ಲಿದ್ದಾನೆ. ಹಾಕಿಸಿಕೊಂಡಿದ್ದರೆ ಹೋಗುತ್ತಿರಲಿಲ್ಲವೋ ಏನೋ, ಅದೂ ತಿಳಿಯದು. ಗಾಡಿ ಬಂದಾಗ ಉಬ್ಬಸ ಇದೆ ಎಂದು ಮೊದಲೇ ಹೇಳು. ಅರ್ಧ ಗಂಟೆ ಅವರನ್ನು ಕಳಿಸಬೇಡ. ನೀನು ನನ್ನನ್ನು ಕೇಳಿದ್ದೀಯ. ನಾನು ಹೇಳುತ್ತೇನೆ, ಹಾಕಿಸ್ಕೊ. ಏನಾದರೂ ಆದರೆ ಅಲ್ಲಿ ಯಾರನ್ನೂ ಬೈಯಬೇಡ, ನನ್ನನ್ನು ಬೈಯಿ. ಬೈಯುವುದಕ್ಕೆ ನೀನು ಇರಬೇಕು."

ಸೊಸೆ ಸೂಜಿಯನ್ನು ಬಟ್ಟೆಯಲ್ಲೇ ನಿಲ್ಲಿಸಿದ್ದಳು.

"ಸೊಸೆ ಹೆದರಿಕೊಂಡಿದ್ದಾಳೆ ಅಂತ ಯಾಕೆ ಬರೆದ್ರಿ?" ಎಂದಳು.

"ಹೆದರಿಕೊಂಡಿಲ್ವಾ?"

"ಹೌದು. ಆದ್ರೂ ಬರೀಬೇಕಾ?"

"ಅಮ್ಮ, ಇನ್ನೊಂದು ಸಲ ಯೋಚನೆ ಮಾಡು," ಎಂದ ದರ್ಜಿ. "ಹಾಕಿಸ್ಕೊ ಅನ್ನೋದು ಬಿಟ್ಟು ಉಳಿದಿದ್ದನ್ನ ಕಳಿಸು. ಅವರೇ ಅರ್ಥ ಮಾಡ್ಕೋತಾರೆ."

"ಉಳಿದಿದ್ದನ್ನ ಅವಳಿಗೆ ಅವಳ ಪಕ್ಕದ ಮನೆಯವರೇ ಹೇಳಿದಾರೆ," ಎಂದು ಅಜ್ಜಿ ಹಾಳೆಯನ್ನು ಮಡಿಸಿದಳು.

ಲಕೋಟೆಯನ್ನು ಅಂಟಿಸಿ, ವಿಳಾಸ ಬರೆದು, ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಬೀಗದವನ ಹೆಂಡತಿ ಅಂಗಡಿಯ ಮುಂದೆ ಕಸ ಗುಡಿಸುತ್ತಿದ್ದಳು. ಅವಳ ಮನೆಯ ದಿಗ್ಬಂಧನ ಮುಗಿದಿತ್ತು. ಇಬ್ಬರೂ ಒಂದು ಕ್ಷಣ ನಿಂತರು.

"ಏನಾದ್ರೂ ಹೇಳಿದ್ರಾ?" ಎಂದಳು ಅಜ್ಜಿ.

"ಬೆಳಿಗ್ಗೆ ಪರವಾಗಿಲ್ಲ ಅಂದ್ರು. ಮಧ್ಯಾಹ್ನ ಮಾಡಿದ್ರೆ ಈಗ ಏನೂ ಹೇಳೋಕಾಗಲ್ಲ ಅಂದ್ರು." ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು. "ಎಲ್ಲಿಗೆ ಹೊರಟ್ರಿ?"

"ಅಕ್ಕನಿಗೆ ಕಾಗದ ಹಾಕೋಕೆ."

"ಹುಷಾರಾಗಿ ಹೋಗಿ. ಮೂಲೆಯಲ್ಲಿ ನಾಯಿ ಇದೆ."

ನಾಯಿ ಮಲಗಿತ್ತು. ಅಂಚೆ ಪೆಟ್ಟಿಗೆಯ ಬಾಯಿ ಎತ್ತರದಲ್ಲಿತ್ತು. ಅಭ್ಯಾಸದಂತೆ ಎಡಗೈಯಲ್ಲಿ ಹಿಡಿದಿದ್ದ ಲಕೋಟೆಯನ್ನು ಅಜ್ಜಿ ಮೇಲೆತ್ತಲು ನೋಡಿದಳು. ತೋಳು ಎದೆಯ ಮಟ್ಟದಲ್ಲಿ ನಿಂತುಬಿಟ್ಟಿತು. ಬಲಗೈಗೆ ದಾಟಿಸಿಕೊಂಡು, ಹಿಮ್ಮಡಿ ಎತ್ತಿ, ಬಾಯೊಳಗೆ ತೂರಿಸಿದಳು. ಅರ್ಧ ಒಳಗೆ ಹೋಗಿ ಅರ್ಧ ಹೊರಗೆ ನಿಂತಾಗ ಒಂದು ಕ್ಷಣ ಅದರ ತುದಿಯನ್ನು ಬಿಡಲಿಲ್ಲ. ಆಮೇಲೆ ಬೆರಳು ಸಡಿಲಿಸಿದಳು. ಒಳಗೆ ಬಿದ್ದದ್ದು ಕೇಳಿಸಿತು.